ಆಷಾಢದ ಗಾಳಿಯಲ್ಲಿ ಮೈಸೂರು: ಬಸ್ಸು, ರೈಲು, ಕಾಲ್ನಡಿಗೆ

ಮೈಸೂರು ನೋಡಲು ಒಳ್ಳೆಯ ಕಾಲ ಯಾವುದು ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ದಸರೆ ಎನ್ನುತ್ತಾರೆ. ನಾನು ಆಷಾಢ ಎನ್ನುತ್ತೇನೆ. ಮದುವೆ, ಗೃಹಪ್ರವೇಶಗಳ ಗದ್ದಲವಿಲ್ಲದ ಈ ತಿಂಗಳಲ್ಲಿ ಲಾಡ್ಜುಗಳಲ್ಲಿ ಕೋಣೆಗಳು ಸುಲಭವಾಗಿ ಸಿಗುತ್ತವೆ. ಸೂರ್ಯ ಮೋಡದ ಮರೆಯಲ್ಲಿರುತ್ತಾನೆ. ಮಧ್ಯಾಹ್ನ ಎರಡು ಗಂಟೆಗೂ ಬೀದಿಯಲ್ಲಿ ನಿಶ್ಚಿಂತೆಯಿಂದ ನಡೆಯಬಹುದು. ಮಳೆಯ ಕಥೆಯೇನು ಎಂದು ಕೇಳಿದರೆ, ಆಷಾಢದ ಮಳೆ ಮೈಸೂರು ನಗರಕ್ಕಿಂತ ಅದರ ಅಕ್ಕಪಕ್ಕದ ನದಿಗಳಿಗೆ ಹೆಚ್ಚು ಬರುತ್ತದೆ ಎಂಬುದೇ ಉತ್ತರ. ಅದನ್ನು ಕಣ್ಣಾರೆ ಕಂಡು ಬಂದಿದ್ದೇನೆ.

ಜೊತೆಗಿದ್ದವರು ಎಪ್ಪತ್ತು ದಾಟಿದ ಅವ್ವ. ಚೆನ್ನೈಯಲ್ಲಿ ಕೆಲಸದಲ್ಲಿರುವ ಅಣ್ಣನ ಮಗ ಮರುದಿನ ಬಂದು ಸೇರಿಕೊಳ್ಳುವವನಿದ್ದ. ಬಾಡಿಗೆ ಕಾರು ಬೇಡ, ಬಸ್ಸು, ರೈಲು, ಆಟೊ ಸಾಕು ಎಂದು ಹೊರಡುವ ಮೊದಲೇ ಮಾತಾಡಿಕೊಂಡಿದ್ದೆವು.

ಬುಧವಾರ

ಧಾರವಾಡದಿಂದ ರಾತ್ರಿ ಹತ್ತಿದ ರೈಲು ಅರಸೀಕೆರೆ, ಹಾಸನ ದಾಟಿ ಬೆಳಗ್ಗೆ ಮೈಸೂರು ತಲುಪಿತು. ನಾವು ಹೊರಟಾಗ ಧಾರವಾಡದಲ್ಲಿ ಬಿಡದೆ ಮಳೆ ಹಿಡಿದಿತ್ತು. ಇಲ್ಲಿ ಪ್ಲಾಟ್‌ಫಾರಂ ಒಣಗಿತ್ತು. ಗಾಳಿ ಮಾತ್ರ ಸೆರಗು, ಶಾಲು, ಪತ್ರಿಕೆ ಎಲ್ಲವನ್ನೂ ಹಾರಿಸುತ್ತಿತ್ತು. ಹೊರಗೆ ಬಂದರೆ ಪ್ರೀಪೇಯ್ಡ್ ಆಟೊ ಕೌಂಟರ್ ಇದೆ. ಹೋಗಬೇಕಾದ ಜಾಗ ಹೇಳಿ ಚೀಟಿ ಪಡೆದರೆ ಚೌಕಾಸಿಯ ತಾಪತ್ರಯವಿಲ್ಲ. ಸಾಮಾನು ಹೊತ್ತು ಬಂದಿಳಿದ ಹೊಸಬರು ಮೊದಲು ನೋಡಬೇಕಾದದ್ದು ಇದನ್ನೇ. ನಾವು ಹಿಡಿದ ಲಾಡ್ಜು ಧನ್ವಂತರಿ ರಸ್ತೆಯಲ್ಲಿತ್ತು. ರೈಲು ನಿಲ್ದಾಣಕ್ಕೂ ಸಯ್ಯಾಜಿರಾವ್ ರಸ್ತೆಗೂ ನಡುವಿನ ಈ ಬೀದಿಯಲ್ಲಿ ಎಲ್ಲ ದರದ ಕೋಣೆಗಳೂ ಇವೆ, ಕೆಳಗೇ ಊಟ ತಿಂಡಿಯೂ ಇದೆ. ಊರಿನ ನಡುಭಾಗವೆಲ್ಲ ನಡಿಗೆಯ ದೂರದಲ್ಲಿ ಸಿಗುತ್ತದೆ.

ಮೈಸೂರಿನ ಬಸ್ಸುಗಳನ್ನು ಅರ್ಥಮಾಡಿಕೊಳ್ಳಲು ಒಂದು ಸಂಗತಿ ತಿಳಿದಿದ್ದರೆ ಸಾಕು: ಇಲ್ಲಿ ದೊಡ್ಡ ಬಸ್ ನಿಲ್ದಾಣಗಳು ಎರಡು. ಕೆ.ಆರ್. ವೃತ್ತದ ಪಕ್ಕ, ಅರಮನೆಯ ಹತ್ತಿರ ಇರುವುದು ನಗರ ಬಸ್ ನಿಲ್ದಾಣ. ಚಾಮುಂಡಿ ಬೆಟ್ಟ, ಬೃಂದಾವನ, ಬಡಾವಣೆಗಳ ಕಡೆಗೆಲ್ಲ ಇಲ್ಲಿಂದಲೇ ಬಸ್ಸು. ಬೆಂಗಳೂರು–ನೀಲಗಿರಿ ರಸ್ತೆಯಲ್ಲಿರುವುದು ಗ್ರಾಮಾಂತರ ಬಸ್ ನಿಲ್ದಾಣ. ಬೆಂಗಳೂರು, ಮಡಿಕೇರಿ, ಊಟಿ, ಹಾಸನ ಮುಂತಾದ ದೂರದ ಊರುಗಳ ಬಸ್ಸುಗಳು ಅಲ್ಲಿ. ಊರಿನವರು ಅದನ್ನು ಸಬ್ ಅರ್ಬನ್ ಎಂದೇ ಕರೆಯುತ್ತಾರೆ. ಆಟೊದವರಿಗೆ ಬರೀ ‘ಬಸ್ ಸ್ಟ್ಯಾಂಡ್’ ಎಂದರೆ ಯಾವುದು ಎಂದು ತಿರುಗಿ ಕೇಳುತ್ತಾರೆ. ಹಾಗಾಗಿ ಹೆಸರು ಹಿಡಿದೇ ಹೇಳಿ.

ಅರಮನೆಗೆ ನಡೆದೇ ಹೋದೆವು. ಬೆಳಗ್ಗೆ ಹತ್ತಕ್ಕೆ ಬಾಗಿಲು ತೆರೆಯುತ್ತದೆ, ಸಂಜೆ ಐದೂವರೆಗೆ ಮುಚ್ಚುತ್ತದೆ. 1897ರಲ್ಲಿ ರಾಜಕುಮಾರಿಯ ಮದುವೆಯ ಸಮಯದಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ನಕ್ಷೆಯಂತೆ ಎದ್ದ ಕಟ್ಟಡ ಇದು. 1912ರಲ್ಲಿ ಪೂರ್ಣಗೊಂಡಿತು. ಇದೆಲ್ಲ ಗೊತ್ತಿದ್ದದ್ದೇ. ಆದರೆ ಕಲ್ಯಾಣ ಮಂಟಪದ ಬಣ್ಣದ ಗಾಜಿನ ಛಾವಣಿಯನ್ನು ಮೋಡದ ದಿನ ನೋಡಿದ್ದು ಇದೇ ಮೊದಲು. ಗ್ಲಾಸ್ಗೋದಲ್ಲಿ ತಯಾರಾದ ಆ ಗಾಜಿನ ನವಿಲುಗಳು ಕಡುಬಿಸಿಲಿನಲ್ಲಿ ಕಣ್ಣು ಕುಕ್ಕುತ್ತವೆ. ಮೋಡದ ಬೆಳಕಿನಲ್ಲಿ ಒಂದೊಂದು ಗರಿಯ ನೀಲಿ ಹಸಿರು ಬೇರೆ ಬೇರೆಯಾಗಿ ಕಾಣುತ್ತವೆ. ಅವ್ವ ಕಂಬಕ್ಕೆ ಒರಗಿ ಬಹಳ ಹೊತ್ತು ಮೇಲೆ ನೋಡುತ್ತ ನಿಂತರು. ಒಳಗೆ ಬರಿಗಾಲಿನಲ್ಲಿ ನಡೆಯಬೇಕು. ನೆಲ ತಣ್ಣಗಿರುತ್ತದೆ, ಹಿರಿಯರಿಗೆ ಕಾಲುಚೀಲ ಇಟ್ಟುಕೊಂಡರೆ ಒಳ್ಳೆಯದು.

ಸಂಜೆ ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ಸಾಲಿನ ಹತ್ತಿರ ಇದ್ದಾಗ ಸೋನೆ ಶುರುವಾಯಿತು. ಯಾರೂ ಓಡಲಿಲ್ಲ, ಯಾರೂ ಕೊಡೆ ಬಿಚ್ಚಲಿಲ್ಲ. ಮಲ್ಲಿಗೆ ಕಟ್ಟುತ್ತಿದ್ದ ಹೆಂಗಸೊಬ್ಬರು ಅವ್ವನಿಗೆ ಹೇಳಿದರು: “ಇದೇನು ಮಳೆ ಅಲ್ಲಮ್ಮ, ಗಾಳಿಯ ಜೊತೆ ಬರುವ ಹನಿ. ನಮ್ಮ ಮಳೆ ನೋಡಬೇಕೆಂದರೆ ಮೇ ತಿಂಗಳಲ್ಲಿ ಬನ್ನಿ, ಇಲ್ಲವೇ ದಸರೆ ಹೊತ್ತಿಗೆ ಬನ್ನಿ.”

ಆ ತಾಯಿ ಹೇಳಿದ್ದು ಮೈಸೂರಿನ ಹವಾಮಾನದ ತಿರುಳು. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದ ಊರು ಇದು, ಆದ್ದರಿಂದ ಸೆಕೆ ಮಿತಿಮೀರುವುದಿಲ್ಲ. ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರ್. ನೈಋತ್ಯ ಮುಂಗಾರು ಅರಬ್ಬಿ ಸಮುದ್ರದಿಂದ ಹೊತ್ತು ತರುವ ನೀರನ್ನೆಲ್ಲ ಕೊಡಗು, ವಯನಾಡಿನ ಬೆಟ್ಟಗಳ ಮೇಲೆ ಸುರಿದುಬಿಡುತ್ತದೆ. ಬೆಟ್ಟ ಇಳಿದು ಮೈಸೂರಿಗೆ ಬರುವಷ್ಟರಲ್ಲಿ ಉಳಿಯುವುದು ಮೋಡ, ಗಾಳಿ, ಸೋನೆ. ನಗರದ ಜೋರು ಮಳೆ ಬರುವುದು ಮುಂಗಾರಿಗೆ ಮೊದಲು ಮೇ ತಿಂಗಳಲ್ಲಿ, ಗುಡುಗು ಸಿಡಿಲಿನ ಸಮೇತ. ಆಮೇಲೆ ಮತ್ತೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಜುಲೈನಲ್ಲಿ ಹಗಲಿನ ಉಷ್ಣಾಂಶ 28 ಡಿಗ್ರಿ ಆಸುಪಾಸು, ರಾತ್ರಿ 20. ಮಾರ್ಚ್ ಕೊನೆಯಿಂದ ಮೇವರೆಗೆ ಹಗಲು 34–35ಕ್ಕೆ ಏರುತ್ತದೆ. ಆಗ ಬರುವವರು ಬೆಳಗ್ಗೆ ಹನ್ನೊಂದರೊಳಗೆ ಹೊರಗಿನ ಜಾಗಗಳನ್ನು ನೋಡಿ ಮುಗಿಸಬೇಕು. ಡಿಸೆಂಬರ್, ಜನವರಿಯ ಬೆಳಗಿನ ಚಳಿ 16–17ಕ್ಕೆ ಇಳಿಯುತ್ತದೆ, ಸ್ವೆಟರ್ ಬೇಕು. ಆಷಾಢಕ್ಕೆ ಒಂದು ಶಾಲು, ಗಾಳಿಗೆ ಮಗುಚದ ಒಂದು ಗಟ್ಟಿ ಕೊಡೆ ಸಾಕು.

ಗುರುವಾರ

ಅಣ್ಣನ ಮಗ ಚೆನ್ನೈಯಿಂದ ವಿಮಾನದಲ್ಲಿ ಬರುವ ದಿನ. ಮೈಸೂರು ವಿಮಾನ ನಿಲ್ದಾಣ ಇರುವುದು ಮಂಡಕಳ್ಳಿಯಲ್ಲಿ, ಊರಿನಿಂದ ನಂಜನಗೂಡು ರಸ್ತೆಯಲ್ಲಿ ಸುಮಾರು 10 ಕಿ.ಮೀ. ಕರೆತಂದು ಮತ್ತೆ ಅದೇ ರಸ್ತೆಯಲ್ಲಿ ನಂಜನಗೂಡಿಗೆ ಹೋಗುವುದು ನಮ್ಮ ಯೋಜನೆ. ಆದ್ದರಿಂದ ಅವ್ವನನ್ನೂ ಹೊರಡಿಸಿದೆ.

ನಂಜನಗೂಡಿನ ಬಸ್ಸು ಹತ್ತಿದ ಕೂಡಲೇ ಅವ್ವ ಚೀಲದಿಂದ ಆಧಾರ್ ಕಾರ್ಡ್ ತೆಗೆದು ಹಿಡಿದರು. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಂತೆ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಟಿಕೆಟ್ ದರವಿಲ್ಲ. ಮೈಸೂರಿನ ನಗರ ಬಸ್ಸುಗಳಿಗೂ ಇದು ಅನ್ವಯ. ಹವಾನಿಯಂತ್ರಿತ, ರಾಜಹಂಸ, ಸ್ಲೀಪರ್‌ನಂಥ ಐಷಾರಾಮಿ ಬಸ್ಸುಗಳಿಗೆ ದುಡ್ಡು ಕೊಡಬೇಕು. ಹೊರ ರಾಜ್ಯದವರಿಗೆ ಈ ಸೌಲಭ್ಯವಿಲ್ಲ. ನಿರ್ವಾಹಕರು ಕಾರ್ಡಿನ ವಿಳಾಸ ಓದಿ, ಶೂನ್ಯ ದರದ ಟಿಕೆಟ್ ಹರಿದು ಕೊಟ್ಟು, “ಧಾರವಾಡದಿಂದ ಬಂದಿದ್ದೀರಾ ಅಮ್ಮ? ಮುಂದೆ ಕೂತುಕೊಳ್ಳಿ, ಮಂಡಕಳ್ಳಿ ಬಂದಾಗ ನಾನೇ ಹೇಳುತ್ತೇನೆ” ಎಂದರು. ಅವ್ವ ಆ ಟಿಕೆಟನ್ನು ಮಡಿಸಿ ಕನ್ನಡಕದ ಪೆಟ್ಟಿಗೆಯಲ್ಲಿ ಇಟ್ಟುಕೊಂಡರು. ಊರೂರು ತಿರುಗುವ ಆಸೆಯನ್ನು ಮಕ್ಕಳ ಜೇಬು ನೋಡಿ ನುಂಗಿಕೊಂಡ ಹೆಂಗಸರು ನಮ್ಮಲ್ಲಿ ಎಷ್ಟೋ ಜನ. ಅವರ ಕೈಗೆ ಹೀಗೊಂದು ಟಿಕೆಟ್ ಬರುವುದನ್ನು ನೋಡಿದರೆ ನನಗೆ ನಿಜವಾಗಿ ಸಂತೋಷವಾಗುತ್ತದೆ.

ಮಂಡಕಳ್ಳಿಯ ವಿಮಾನ ನಿಲ್ದಾಣ ಚಿಕ್ಕದು, ಶುಚಿಯಾದದ್ದು. ಮೈಸೂರು ಸಂಸ್ಥಾನದ ಕಾಲದಲ್ಲಿ, 1940ರ ದಶಕದಲ್ಲಿ ಇಲ್ಲಿ ವಿಮಾನ ಇಳಿಯುವ ಪಟ್ಟಿ ಸಿದ್ಧವಾಗಿತ್ತು. ಈಗಿನ ನಿಲ್ದಾಣ ಉದ್ಘಾಟನೆಯಾದದ್ದು 2010ರ ಮೇ ತಿಂಗಳಲ್ಲಿ. ರನ್‌ವೇ ಉದ್ದ 1,740 ಮೀಟರ್. ಬೆಂಗಳೂರಿಗೋ ಮಂಗಳೂರಿಗೋ ಬರುವ ದೊಡ್ಡ ಜೆಟ್ ವಿಮಾನಗಳು ವಾಡಿಕೆಯಾಗಿ ಓಡಾಡಲು ಇದು ಸಾಲದು. ಎಪ್ಪತ್ತು ಚಿಲ್ಲರೆ ಸೀಟುಗಳ, ರೆಕ್ಕೆಗೆ ಪಂಖ ಇರುವ ಎಟಿಆರ್ ವಿಮಾನಗಳು ಇಲ್ಲಿಗೆ ಸರಿಹೊಂದುತ್ತವೆ. ರನ್‌ವೇ ಉದ್ದ ಮಾಡೋಣವೆಂದರೆ ನಂಜನಗೂಡು ಹೆದ್ದಾರಿ ಅಡ್ಡ ಬರುತ್ತದೆ. ವಿಸ್ತರಣೆಯ ಮಾತು ವರ್ಷಗಳಿಂದ ನಡೆದಿದೆ. ಅಷ್ಟರಲ್ಲಿ ಹಲವು ವಿಮಾನ ಕಂಪನಿಗಳು ಬಂದವು, ಹೋದವು, ಮಾರ್ಗಗಳು ಶುರುವಾದವು, ನಿಂತವು. ಇಷ್ಟು ಹೆಸರುವಾಸಿಯಾದ ಊರಿಗೆ ನಾಲ್ಕಾರು ಮಹಾನಗರಗಳಿಂದ ನೇರ ವಿಮಾನ ನಿರಂತರವಾಗಿ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆಗುವವರೆಗೆ ಪ್ರವಾಸಿಗರು ಮಾಡಬೇಕಾದದ್ದು ಇಷ್ಟೇ: ಹಳೆಯ ವೇಳಾಪಟ್ಟಿಯನ್ನು ನಂಬದೆ, ಟಿಕೆಟ್ ಕೊಳ್ಳುವ ದಿನ ಯಾವ ಊರಿಗೆ ವಿಮಾನ ಇದೆ ಎಂದು ನೋಡಿಕೊಳ್ಳುವುದು.

ವಿಮಾನ ಇಳಿದ ಸ್ವಲ್ಪ ಹೊತ್ತಿಗೆಲ್ಲ ಹುಡುಗ ಹೊರಗಿದ್ದ. ಏರೋಬ್ರಿಜ್ ಇಲ್ಲ, ಮೆಟ್ಟಿಲಿಳಿದು ನೇರ ಕಟ್ಟಡದೊಳಕ್ಕೆ ಬರುವುದು. “ಕಾಕಾ, ಚೆನ್ನೈಯಲ್ಲಿ ಮನೆಯಿಂದ ವಿಮಾನ ನಿಲ್ದಾಣಕ್ಕೆ ಹೋಗಲು ಹಿಡಿದಷ್ಟು ಹೊತ್ತು ಇಲ್ಲಿಗೆ ಹಾರಿ ಬರಲೂ ಹಿಡಿಯಲಿಲ್ಲ” ಎಂದ. ಮೇಲಿನಿಂದ ಕೆಂಪುನೀರಿನ ಹೊಳೆ ಕಂಡಿತು ಎಂದೂ ಹೇಳಿದ. ಹೊರಗೆ ಟ್ಯಾಕ್ಸಿ ಸಿಗುತ್ತದೆ. ಸಾಮಾನು ಕಡಿಮೆ ಇದ್ದವರು ಹೆದ್ದಾರಿಗೆ ಬಂದು ಬಸ್ಸು ಹಿಡಿಯಬಹುದು.

ದೂರದ ಊರುಗಳಿಂದ ಹಾರಿ ಬರುವವರಲ್ಲಿ ಹೆಚ್ಚಿನವರು ಇಳಿಯುವುದು ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ. ಅಲ್ಲಿಂದ ಮೈಸೂರಿಗೆ ಸಾರಿಗೆ ನಿಗಮದ ಫ್ಲೈಬಸ್ ಇದೆ. ಬೆಂಗಳೂರಿನ ಒಳಗೆ ಬಸ್ಸು ಬದಲಿಸುವ ಕೆಲಸವಿಲ್ಲ, ಟರ್ಮಿನಲ್ ಮುಂದೆಯೇ ಹತ್ತಿ ಮಲಗಿದರೆ ಸುಮಾರು ನಾಲ್ಕು ಗಂಟೆಯಲ್ಲಿ ಮೈಸೂರು. ರಾತ್ರಿ ಇಳಿಯುವವರಿಗೆ, ಮಕ್ಕಳೊಂದಿಗರಿಗೆ ಇದಕ್ಕಿಂತ ನೆಮ್ಮದಿಯ ದಾರಿ ನನಗೆ ಗೊತ್ತಿಲ್ಲ. ಬೆಂಗಳೂರು ನಗರದಲ್ಲೇ ಇರುವವರು ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದ ಬಸ್ಸು ಹಿಡಿಯಬಹುದು. ರೈಲು ಇನ್ನೂ ಹಗುರ: ಜೋಡಿ ಹಳಿಯ, ವಿದ್ಯುತ್ ಮಾರ್ಗದ 138 ಕಿ.ಮೀ. ದೂರವನ್ನು 2022ರ ನವೆಂಬರಿನಲ್ಲಿ ಶುರುವಾದ ವಂದೇ ಭಾರತ್ ಸುಮಾರು ಎರಡು ಗಂಟೆಯಲ್ಲಿ ಮುಗಿಸುತ್ತದೆ, ಉಳಿದ ಎಕ್ಸ್‌ಪ್ರೆಸ್‌ಗಳು ಎರಡೂವರೆಯಿಂದ ಮೂರರಲ್ಲಿ. ಬೈಕಿನಲ್ಲಿ ಬರುವ ಹುಡುಗರಿಗೆ ಒಂದು ಮಾತು. 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ, ಪಕ್ಕದ ಸರ್ವಿಸ್ ರಸ್ತೆಯಲ್ಲೇ ಬರಬೇಕು.

ಹೆದ್ದಾರಿಯಲ್ಲಿ ಕೈಮಾಡಿ ನಿಲ್ಲಿಸಿದ ಇನ್ನೊಂದು ಬಸ್ಸಿನಲ್ಲಿ ನಂಜನಗೂಡಿಗೆ ಹೋದೆವು. ಊರು ಹತ್ತಿರವಾದಂತೆ ರಸ್ತೆಯ ಎರಡೂ ಕಡೆ ನೀರು. ಮಲ್ಲನಮೂಲೆ ಮಠದ ಹತ್ತಿರ ಪ್ರವಾಹ ಜಾಸ್ತಿಯಾದರೆ ಈ ಹೆದ್ದಾರಿಯೇ ಮುಳುಗುತ್ತದೆ, ಆಗ ವಾಹನಗಳನ್ನು ಸುತ್ತುದಾರಿಗೆ ತಿರುಗಿಸುತ್ತಾರೆ. ನಾವು ಹೋದ ದಿನ ನೀರು ರಸ್ತೆಯ ಅಂಚಿಗೆ ಬಂದು ನಿಂತಿತ್ತು. ಸ್ನಾನಘಟ್ಟದ ಮೆಟ್ಟಿಲುಗಳು ಕಾಣುತ್ತಿರಲಿಲ್ಲ. ಹದಿನಾರು ಕಾಲು ಮಂಟಪದ ಅರ್ಧದಷ್ಟು ಕಂಬಗಳನ್ನು ಕಪಿಲೆ, ಅಂದರೆ ಕಬಿನಿ ಹೊಳೆ, ನುಂಗಿದ್ದಳು. ತಲೆಯ ಮೇಲೆ ಒಂದು ಹನಿ ಮಳೆಯಿಲ್ಲ, ಕಣ್ಣ ಮುಂದೆ ತುಂಬಿ ಹರಿಯುವ ಕೆಂಪು ಹೊಳೆ. ವಯನಾಡಿನಲ್ಲಿ ಬಿದ್ದ ಮಳೆ ಕಬಿನಿ ಜಲಾಶಯ ತುಂಬಿಸಿ, ಇಲ್ಲಿಗೆ ಇಳಿದು ಬಂದಿತ್ತು. ಮೈಸೂರಿನ ಆಷಾಢ ಎಂದರೆ ಇದು. ಹಗ್ಗ ಕಟ್ಟಿ ನಿಂತಿದ್ದ ಪೊಲೀಸರು ಯಾರನ್ನೂ ದಂಡೆಗೆ ಬಿಡುತ್ತಿರಲಿಲ್ಲ. ಒಬ್ಬ ಯುವಕ ಫೋಟೊ ತೆಗೆಯಲು ಹಗ್ಗ ದಾಟಲು ನೋಡಿದಾಗ ಪೇದೆ ಅವನ ತೋಳು ಹಿಡಿದು ಹಿಂದಕ್ಕೆ ತಂದು ನಿಲ್ಲಿಸಿದರು. ದಯವಿಟ್ಟು ಆ ಹಗ್ಗಕ್ಕೆ ಮರ್ಯಾದೆ ಕೊಡಿ. ನೋಡಲು ಶಾಂತವಾಗಿರುವ ಆ ನೀರಿನ ಸೆಳೆತ ಬಲು ಕೆಟ್ಟದ್ದು.

ಶ್ರೀಕಂಠೇಶ್ವರನ ದರ್ಶನ, ದೇವಸ್ಥಾನದ ದಾಸೋಹದಲ್ಲಿ ಊಟ. ಟಿಪ್ಪುವಿನ ಪಟ್ಟದ ಆನೆಯ ಕಣ್ಣು ವಾಸಿಯಾದ ಮೇಲೆ ಅವನು ಈ ದೇವರನ್ನು ಹಕೀಮ ನಂಜುಂಡ ಎಂದು ಕರೆದನೆಂಬ ಕಥೆಯನ್ನು ಅವ್ವ ಮೊಮ್ಮಗನಿಗೆ ಹೇಳುತ್ತಿದ್ದರು. ಮರಳಿ ಬರುವಾಗ ರೈಲು ಹಿಡಿದೆವು. ಚಾಮರಾಜನಗರ–ಮೈಸೂರು ಪ್ಯಾಸೆಂಜರ್ ರೈಲಿನಷ್ಟು ಅಗ್ಗದ, ಚೆಂದದ ಪಯಣ ಈ ಸೀಮೆಯಲ್ಲಿ ಇನ್ನೊಂದಿಲ್ಲ. ಕಿಟಕಿಯಿಂದ ಕಪಿಲೆಯ ಮೇಲಿನ ಹಳೆಯ ಕಮಾನು ಸೇತುವೆ ಕಾಣುತ್ತದೆ. 1735ರಲ್ಲಿ ಮೈಸೂರಿನ ದಳವಾಯಿಗಳು ಕಟ್ಟಿಸಿದ್ದು ಎನ್ನುತ್ತಾರೆ, ಅದರ ಮೇಲೆಯೇ ಮುಂದೆ ಹಳಿ ಹಾಸಿ ದಶಕಗಳ ಕಾಲ ರೈಲು ಓಡಿಸಿದರು. ತಾಂಡವಪುರ, ಕಡಕೊಳ, ಅಶೋಕಪುರಂ, ಚಾಮರಾಜಪುರಂ ಎಂದು ಒಂದೊಂದೇ ನಿಲ್ದಾಣ ದಾಟಿ ಗಾಡಿ ಊರೊಳಗೆ ಬರುತ್ತದೆ.

ಶುಕ್ರವಾರ

ಆಷಾಢ ಶುಕ್ರವಾರ. ಚಾಮುಂಡಿ ಬೆಟ್ಟಕ್ಕೆ ಜನಸಾಗರ ಹರಿದುಬರುವ ದಿನ. ಉಳಿದ ದಿನಗಳಲ್ಲಿ ನಗರ ಬಸ್ ನಿಲ್ದಾಣದಿಂದ 201ನೇ ನಂಬರಿನ ಬಸ್ಸು ಹತ್ತಿದರೆ ಗುಡಿಯ ಹತ್ತಿರವೇ ಇಳಿಸುತ್ತದೆ, ಆಗಾಗ ಇರುತ್ತದೆ, ಬೇರೇನೂ ಯೋಚಿಸಬೇಕಿಲ್ಲ. ಆಷಾಢದ ಶುಕ್ರವಾರಗಳಲ್ಲಿ ಮಾತ್ರ ಖಾಸಗಿ ವಾಹನಗಳನ್ನು ಬೆಟ್ಟಕ್ಕೆ ಬಿಡುವುದಿಲ್ಲ. ಲಲಿತಮಹಲ್ ಅರಮನೆಯ ಬಳಿಯ ಮೈದಾನದಲ್ಲಿ ಗಾಡಿ ನಿಲ್ಲಿಸಿ, ಅಲ್ಲಿಂದ ಸಾರಿಗೆ ಬಸ್ಸಿನಲ್ಲಿ ಹೋಗಬೇಕು.

ನಸುಕಿನಲ್ಲೇ ಮೂವರೂ ಹೊರಟೆವು. ಮೈದಾನದಲ್ಲಿ ಬಸ್ಸುಗಳು ಸಾಲುಗಟ್ಟಿ ನಿಂತಿದ್ದವು. ಒಂದು ತುಂಬಿದ ಕೂಡಲೇ ಹೊರಡುತ್ತದೆ, ಅದರ ಜಾಗಕ್ಕೆ ಇನ್ನೊಂದು ಬರುತ್ತದೆ. ಅವ್ವನನ್ನು ಹುಡುಗನ ಜೊತೆ ಬಸ್ಸಿಗೆ ಹತ್ತಿಸಿ ನಾನು ಮೆಟ್ಟಿಲ ದಾರಿ ಹಿಡಿದೆ. ಬೆಟ್ಟದ ಪಾದಕ್ಕೆ ಆಟೊ ಸಿಗುತ್ತದೆ.

ದೊಡ್ಡದೇವರಾಜ ಒಡೆಯರು 17ನೇ ಶತಮಾನದಲ್ಲಿ ಕಟ್ಟಿಸಿದ ಸಾವಿರ ಮೆಟ್ಟಿಲುಗಳು ಇವು. ನನ್ನ ಮುಂದೆ ಒಬ್ಬ ಹುಡುಗಿ ಪ್ರತಿ ಮೆಟ್ಟಿಲಿಗೂ ಅರಿಶಿನ, ಕುಂಕುಮ ಹಚ್ಚುತ್ತ ಹತ್ತುತ್ತಿದ್ದಳು. ಬಗ್ಗಿ, ಬೆರಳು ಅದ್ದಿ, ಕಲ್ಲಿನ ನಡುವೆ ಎರಡು ಬೊಟ್ಟು, ಎದ್ದು ಮುಂದಿನದಕ್ಕೆ. ಅವಳ ತಾಯಿ ಪಕ್ಕದಲ್ಲಿ ಎರಡು ಬಟ್ಟಲು ಹಿಡಿದು ಬರುತ್ತಿದ್ದರು. ಅವಳಿಗಿಂತ ಮೊದಲು ಹೋದವರ ಬೊಟ್ಟುಗಳ ಮೇಲೆಯೇ ಇವಳ ಬೊಟ್ಟು ಬೀಳುತ್ತಿತ್ತು. ರಾತ್ರಿಯ ಸೋನೆಗೆ ತೊಯ್ದು ಕುಂಕುಮ ಕಲ್ಲಿನ ಅಂಚಿನಿಂದ ಕೆಳಗಿಳಿದು, ಮೆಟ್ಟಿಲ ಸಾಲೆಲ್ಲ ಕೆಂಪಾಗಿತ್ತು. ಕಾಲಿಡುವಾಗ ಜಾರುತ್ತದೆ, ಎಚ್ಚರ ಬೇಕು. ಆದರೂ ಯಾರೂ ಅವಸರ ಮಾಡುತ್ತಿರಲಿಲ್ಲ, ಯಾರೂ ಯಾರನ್ನೂ ತಳ್ಳುತ್ತಿರಲಿಲ್ಲ. ಹಿಂದಿನಿಂದ ಬಂದವರು ಆ ಹುಡುಗಿ ಎದ್ದು ನಿಲ್ಲುವವರೆಗೆ ಕಾದು ಪಕ್ಕದಿಂದ ದಾಟುತ್ತಿದ್ದರು.

ಅರ್ಧಕ್ಕಿಂತ ಹೆಚ್ಚು ಹತ್ತಿದ ಮೇಲೆ ನಂದಿ. 1664ರಲ್ಲಿ ಕಡೆದ ಈ ಕಪ್ಪು ನಂದಿಯ ಕೊರಳ ಗಂಟೆಯ ಸರಗಳನ್ನು ಹತ್ತಿರದಿಂದ ನೋಡಬೇಕು, ಒಂದೊಂದು ಗಂಟೆಯ ನಾಲಗೆಯೂ ಬಿಡಿಯಾಗಿ ಕಾಣುತ್ತದೆ. ಇಲ್ಲಿಯವರೆಗೆ ರಸ್ತೆಯೂ ಇದೆ. ಪೂರ್ತಿ ಹತ್ತಲಾಗದವರು ಬೆಟ್ಟದ ಮೇಲಿನಿಂದ ನಂದಿಯವರೆಗೆ ಮೆಟ್ಟಿಲಿಳಿದು ನೋಡುವುದೂ ಉಂಟು. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದ ತುದಿಯಲ್ಲಿ ಗಾಳಿ ಮಾತು ಕೇಳಿಸದಷ್ಟು ಜೋರಾಗಿತ್ತು. ಮೋಡ ಸರಿದಾಗಲೆಲ್ಲ ಕಾರಂಜಿ ಕೆರೆ, ಕುದುರೆ ಪಂದ್ಯದ ಮೈದಾನ, ಬಿಳಿಯ ಲಲಿತಮಹಲ್ ಕಾಣಿಸಿ ಮರೆಯಾಗುತ್ತಿದ್ದವು. ಅವ್ವ ದರ್ಶನ ಮುಗಿಸಿ, ಭಕ್ತರು ಹಂಚುತ್ತಿದ್ದ ಸಿಹಿ ಪೊಂಗಲ್ಲಿನ ದೊನ್ನೆ ಹಿಡಿದು ನನಗಾಗಿ ಕಾಯುತ್ತಿದ್ದರು. “ಇಷ್ಟು ಜನ, ಇಷ್ಟು ಬಸ್ಸು, ಒಂದು ಹಾರ್ನ್ ಕೇಳಲಿಲ್ಲ ನೋಡು” ಎಂದರು. ಕಾರುಗಳಿಲ್ಲದ ಬೆಟ್ಟ ಎಷ್ಟು ಹಗುರವಾಗಿತ್ತು! ವರ್ಷಪೂರ್ತಿ ಇದೇ ವ್ಯವಸ್ಥೆ ಇರಲಿ ಎಂದು ನನ್ನ ಮನಸ್ಸು ಬಯಸುತ್ತದೆ. ಕೆಳಗೆ ಗಾಡಿ, ಮೇಲಕ್ಕೆ ಬಸ್ಸು. ಬೆಟ್ಟಕ್ಕೂ ಒಳ್ಳೆಯದು, ಮುದುಕರಿಗೂ ಒಳ್ಳೆಯದು.

ಮಧ್ಯಾಹ್ನದ ಮೇಲೆ ಮೂವರೂ ನಿದ್ದೆ ಹೋದೆವು. ಸಂಜೆ ಹುಡುಗ ಒಬ್ಬನೇ ಹೋಗಿ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ತೆರೆದ ಛಾವಣಿಯ ಡಬಲ್ ಡೆಕ್ಕರ್ ‘ಅಂಬಾರಿ’ ಬಸ್ಸಿನಲ್ಲಿ ಊರು ಸುತ್ತಿ ಬಂದ. ಮಯೂರ ಹೊಯ್ಸಳ ಹೋಟೆಲಿನಿಂದ ಅದು ಹೊರಡುತ್ತದೆ. ಆಷಾಢದಲ್ಲಿ ಮೇಲಿನ ಅಂತಸ್ತಿನಲ್ಲಿ ಕೂರುವವರು ಕಿವಿ ಮುಚ್ಚುವ ಟೋಪಿ ಹಾಕಿಕೊಳ್ಳಲೇಬೇಕು.

ಶನಿವಾರ

ನಗರ ಬಸ್ ನಿಲ್ದಾಣದಿಂದ ಕೃಷ್ಣರಾಜಸಾಗರ (ಕೆ.ಆರ್.ಎಸ್.) ಅಣೆಕಟ್ಟೆಯ ಬಸ್ಸು. ಸುಮಾರು 20 ಕಿ.ಮೀ. ಮೇಟಗಳ್ಳಿಯ ಕಾರ್ಖಾನೆಗಳು ಮುಗಿದು ಬೆಳಗೊಳದ ಕಡೆ ಬಂದರೆ ಮಂಡ್ಯ ಜಿಲ್ಲೆ. ಗದ್ದೆ, ಕಬ್ಬು, ನಾಲೆ. ಬಸ್ಸಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ವಿಷಯ, ಅಣೆಕಟ್ಟೆಯ ಮಟ್ಟ. 124.80 ಅಡಿ ಎಂಬುದು ಈ ಸೀಮೆಯಲ್ಲಿ ಸಣ್ಣ ಮಕ್ಕಳಿಗೂ ಗೊತ್ತಿರುವ ಅಂಕಿ. ಅಷ್ಟಕ್ಕೆ ಕಟ್ಟೆ ತುಂಬಿದಂತೆ, ಆಗ ಒಳಗಿರುವುದು 49.45 ಟಿಎಂಸಿ ನೀರು. ಪಕ್ಕದಲ್ಲಿ ಕುಳಿತಿದ್ದ ರೈತರೊಬ್ಬರು, “ತಲಕಾವೇರಿ, ಭಾಗಮಂಡಲದಲ್ಲಿ ಮಳೆ ಹಿಡಿದರೆ ನಮಗೆ ಇಲ್ಲಿ ಹೊಟ್ಟೆ ತಣ್ಣಗಾಗುತ್ತದೆ ಸ್ವಾಮಿ. ನಮ್ಮೂರಲ್ಲಿ ಬೀಳುವ ಹನಿ ನೋಡಿಕೊಂಡು ಭತ್ತ ಹಾಕುವ ಹಾಗಿಲ್ಲ” ಎಂದರು. ಹೊಲಕ್ಕಷ್ಟೇ ಅಲ್ಲ, ಮೈಸೂರಿನ ನಲ್ಲಿಗಳಲ್ಲಿ ಬರುವುದೂ ಕಾವೇರಿ, ಕಬಿನಿಯ ನೀರೇ.

ಗೇಟುಗಳಿಂದ ನೀರು ಧುಮುಕುತ್ತಿತ್ತು. ಭದ್ರತೆಯ ಕಾರಣಕ್ಕೆ ಅಣೆಕಟ್ಟೆಯ ಮೇಲೆ ಪ್ರವಾಸಿಗರನ್ನು ಬಿಡುವುದಿಲ್ಲ. ಕಟ್ಟೆಯ ಕೆಳಗಿನ ಬೃಂದಾವನ ತೋಟದ ಒಳಗಿನಿಂದ ಕಾಣುವಷ್ಟನ್ನು ಕಾಣಬೇಕು. ಅಷ್ಟೇ ಸಾಕಾಗುವಂತಿತ್ತು. ನೀರು ಬೀಳುವ ಸದ್ದು ಎದೆಗೆ ತಾಗುತ್ತಿತ್ತು, ಮೇಲೆದ್ದ ತುಂತುರು ಮಂಜಾಗಿ ತೋಟದ ಮೇಲೆ ಬರುತ್ತಿತ್ತು. ನಾಡಿಗೆ ಅನ್ನ ಕೊಡುವ ಕಟ್ಟೆ ತುಂಬಿದ್ದನ್ನು ಕಂಡು ಅವ್ವ ಕೈಮುಗಿದರು, ನಾನೂ ಮುಗಿದೆ. ಸಂಗೀತ ಕಾರಂಜಿ ಸಂಜೆಯ ಮೇಲೆ. ಅದು ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಬಸ್ಸಿಗೆ ಮುಗಿಬೀಳುತ್ತಾರೆ. ಹಿರಿಯರು ಜೊತೆಗಿದ್ದರೆ ಕಾರಂಜಿ ಪೂರ್ತಿ ಮುಗಿಯುವ ಮೊದಲೇ ಏಳುವುದು, ಬರುವಾಗಲೇ ನಿರ್ವಾಹಕರನ್ನು ಕೊನೆಯ ಬಸ್ಸಿನ ಹೊತ್ತು ಕೇಳಿಟ್ಟುಕೊಳ್ಳುವುದು ಒಳ್ಳೆಯದು. ನಾವು ಕಾರಂಜಿಗೆ ಕಾಯದೆ ಶ್ರೀರಂಗಪಟ್ಟಣದ ಬಸ್ಸು ಹಿಡಿದೆವು.

ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸಿದ್ದರು. ಕಟ್ಟೆಯಿಂದ ನೀರು ಬಿಟ್ಟರೆ ನಡುಗಡ್ಡೆಗಳ ಸುತ್ತ ಹೊಳೆ ಉಕ್ಕುತ್ತದೆ, ದೋಣಿವಿಹಾರ ಇರುವುದಿಲ್ಲ. ಹಕ್ಕಿಗಳನ್ನು ದೋಣಿಯಿಂದಲೇ ನೋಡಬೇಕೆನ್ನುವವರು ಜನವರಿಯಿಂದ ಮೇವರೆಗೆ ಬರಬೇಕು. ಮರಗಳ ತುಂಬ ಗೂಡು ಇರುವುದೂ ಆಗಲೇ. ಶ್ರೀರಂಗನಾಥನ ಗುಡಿ, ಕೋಟೆ ನೋಡಿಕೊಂಡು ಶ್ರೀರಂಗಪಟ್ಟಣದ ರೈಲು ನಿಲ್ದಾಣಕ್ಕೆ ನಡೆದೆವು. ನಿಲ್ದಾಣ ಗುಡಿಗೆ ಅಷ್ಟು ಹತ್ತಿರ. ಅಲ್ಲಿಂದ ಮೈಸೂರಿಗೆ ರೈಲಿನಲ್ಲಿ ಅರ್ಧ ಗಂಟೆಯೂ ಬೇಡ.

ಭಾನುವಾರ

ಬೆಳಗ್ಗೆ ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ, ವಿಶ್ವವಿದ್ಯಾಲಯದ ಮಾನಸಗಂಗೋತ್ರಿಗೆ ಅಂಟಿಕೊಂಡಿದೆ. ಏರಿಯ ಮೇಲೆ ಮರದ ನೆರಳು, ಕೂರಲು ಕಲ್ಲುಬೆಂಚುಗಳು. ಆಮೇಲೆ ರೈಲ್ವೆ ವಸ್ತುಸಂಗ್ರಹಾಲಯ. ರೈಲು ನಿಲ್ದಾಣದ ಬಳಿಯೇ ಇರುವ ಇದು 1979ರಲ್ಲಿ ಶುರುವಾದದ್ದು, ಮಹಾರಾಣಿಯವರ ಸಲೂನ್ ಡಬ್ಬಿಯನ್ನು ಹುಡುಗ ಹೊರಗೆ ಬರಲೊಲ್ಲದೆ ನೋಡಿದ. ಮೃಗಾಲಯ ಈ ಸಲ ಬಿಟ್ಟೆವು. ಹೋಗುವವರು ಮಂಗಳವಾರ ಅಲ್ಲಿ ರಜೆ ಎಂಬುದನ್ನು ನೆನಪಿಡಿ.

ಸಂಜೆ ಏಳಕ್ಕೆ ಅರಮನೆಯ ದೀಪ. ಭಾನುವಾರ ಮತ್ತು ಸರ್ಕಾರಿ ರಜೆಗಳಂದು ಮುಕ್ಕಾಲು ಗಂಟೆಯಷ್ಟು ಹೊತ್ತು ಉರಿಯುತ್ತದೆ, ಸುಮಾರು ಒಂದು ಲಕ್ಷ ಬಲ್ಬು. ಅದರ ವರ್ಣನೆ ಎಲ್ಲರೂ ಮಾಡಿದ್ದಾರೆ. ಹೊರಡುವ ದಿನವನ್ನು ಭಾನುವಾರಕ್ಕೆ ಇಟ್ಟುಕೊಂಡರೆ ದೀಪ ನೋಡಿಯೇ ರಾತ್ರಿ ರೈಲು ಹಿಡಿಯಬಹುದು ಎಂಬುದಷ್ಟೇ ನಾನು ಸೇರಿಸುವ ಮಾತು.

ಲಾಡ್ಜಿನಿಂದ ಸಾಮಾನನ್ನು ಮೊದಲೇ ನಿಲ್ದಾಣದ ಕ್ಲೋಕ್ ರೂಮಿಗೆ ಹಾಕಿದ್ದೆವು. ಅರಮನೆಯಿಂದ ನಿಲ್ದಾಣಕ್ಕೆ ಟಾಂಗಾ ಹಿಡಿದೆವು. ಮೈಸೂರಿನ ಟಾಂಗಾಗಳಲ್ಲಿ ಷಾಪಸಂದ್ ಎಂಬ ಅಂದದ ಗಾಡಿಯದು ಬೇರೆಯೇ ಗತ್ತು. ನಮ್ಮ ಗಾಡಿಯ ಯಜಮಾನರು ತಮ್ಮ ತಾತನ ಕಾಲದಿಂದ ಇದೇ ಕಸುಬು ಎಂದರು. ಸಂಜೆ ಎರಡು ಬಾಡಿಗೆ ಸಿಕ್ಕರೆ ಹುರುಳಿಗೂ ಬೂಸಾಕ್ಕೂ ಆಗುತ್ತದೆ, ಸಿಗದಿದ್ದರೆ ಮನೆಯ ಖರ್ಚಿನಲ್ಲಿ ಕಡಿತ. ಕುದುರೆಯ ಮೈ ಮಿರಿಮಿರಿ ಮಿಂಚುತ್ತಿತ್ತು, ಹಣೆಗೆ ಕುಂಕುಮ ಇಟ್ಟಿದ್ದರು. ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಿ, ಮಾತಾಡಿದ ಮೇಲೆ ಕೊಸರಾಡಬೇಡಿ. ಊರಿಗೆ ಬಂದವರು ಒಂದು ಸಲವಾದರೂ ಹತ್ತಿದರೆ ಈ ಗಾಡಿಗಳು ಉಳಿಯುತ್ತವೆ.

ಹುಡುಗ ವಿಮಾನದ ಬದಲು ಕಾವೇರಿ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಮಾಡಿಸಿದ್ದ. ರಾತ್ರಿ ಹತ್ತಿ ಮಲಗಿದರೆ ಬೆಳಗ್ಗೆ ಚೆನ್ನೈ, ನೇರ ಕೆಲಸಕ್ಕೆ. ಅವನನ್ನು ಕಳುಹಿಸಿ ನಮ್ಮ ಗಾಡಿಗೆ ಕಾಯುತ್ತ ಕುಳಿತಿದ್ದಾಗ ಪಕ್ಕದ ಬೆಂಚಿನಲ್ಲಿದ್ದ ದಾವಣಗೆರೆಯ ದಂಪತಿ ಅವ್ವನೊಂದಿಗೆ ಮಾತಿಗಿಳಿದರು. ಅವರಿಗೆ ದಸರೆಗೇ ಮತ್ತೆ ಬರುವ ಆಸೆ. ಅವ್ವ ಅವರಿಗೆ ಒಂದೊಂದಾಗಿ ಹೇಳಿದರು: ರೈಲು ಟಿಕೆಟ್ 60 ದಿನ ಮೊದಲೇ ಸಿಗುತ್ತದೆ, ಆ ದಿನವೇ ಮಾಡಿಸಿ. ಕೋಣೆಯನ್ನು ಅದಕ್ಕೂ ಮುಂಚೆ ಹೇಳಿಡಿ. ಕೊಡೆ ಮರೆಯಬೇಡಿ, ಆಗ ಇಲ್ಲಿ ಸಂಜೆ ಮಳೆ ಜೋರು. ಜಂಬೂಸವಾರಿಯ ದಿನ ಅರಮನೆಯ ಸುತ್ತ ಬಸ್ಸುಗಳ ದಾರಿ ಬದಲಾಗುತ್ತದೆ, ಬೆಳಗ್ಗೆಯೇ ನಡೆದು ಹೋಗಿ ಜಾಗ ಹಿಡಿಯಿರಿ. “ಆಧಾರ್ ಕಾರ್ಡ್ ಇಟ್ಟುಕೊಳ್ಳಮ್ಮ, ಮೂಲ ಕಾರ್ಡೇ ಇರಲಿ” ಎಂದು ಆ ಹೆಣ್ಣುಮಗಳಿಗೆ ಎರಡೆರಡು ಸಲ ಹೇಳುವಷ್ಟರಲ್ಲಿ ನಮ್ಮ ರೈಲಿನ ಹೆಸರು ಕೂಗಿದರು.